ಮುಂಭಾಗ ಎತ್ತರಿಸಿದ ಪಿಕಪ್‌ನಲ್ಲಿ ‘ಟಕ್’ ಸದ್ದು: ಶಾಕ್ ಅಬ್ಸಾರ್ಬರ್ ಬದಲಿಸಬೇಕೇ?

ಮುಳಬಾಗಿಲಿನ ತೋಟದ ದಾರಿಗೆಂದು ಮುಂಭಾಗವನ್ನು 2 ಇಂಚು ಎತ್ತರಿಸಿದ ಮೇಲೆ ಉಬ್ಬು ಇಳಿಯುವಾಗ ಸದ್ದು ಬರುತ್ತಿದೆ ಎಂದಿದ್ದೀರಿ. ಶಾಕ್‌ಗೆ ಈಗಲೇ ಹಣ ಸುರಿಯಬೇಡಿ.

ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗಿರುವ ಕಂಬ) ತಲೆಯ ಮೇಲೆ ಸ್ಪೇಸರ್ (ಎತ್ತರಿಸಲು ಇಡುವ ದಪ್ಪ ಬಿಲ್ಲೆ) ಕೂರಿಸಿದರೆ ಸ್ಪ್ರಿಂಗ್ ಉದ್ದವಾಗುವುದಿಲ್ಲ, ಇಡೀ ಸ್ಟ್ರಟ್ ಕೆಳಕ್ಕೆ ಸರಿಯುತ್ತದೆ. ಚಕ್ರ ಗುಂಡಿಗೆ ಇಳಿದಾಗ ಮೇಲಿನ ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಅತಿಯಾಗಿ ಕೆಳಕ್ಕೆ ವಾಲಿ ಸ್ಪ್ರಿಂಗಿಗೆ ತಾಗಬಹುದು. ಆರ್ಮ್‌ನ ತುದಿಯ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ತನ್ನ ಕೊನೆಯ ಕೋನಕ್ಕೆ ಹೋಗಿ ಬಡಿಯಬಹುದು. ಸ್ಪ್ರಿಂಗ್ ಸುರುಳಿಯ ಬಣ್ಣ ಒಂದೆಡೆ ಉಜ್ಜಿಹೋಗಿದ್ದರೆ ಅದೇ ಸಾಕ್ಷಿ.

ನಿಧಾನವಾಗಿ ಚಲಿಸುವಾಗ ‘ಕಿರ್ರ್’ ಎಂದರೆ ಬುಷ್ (ಆರ್ಮ್ ತಿರುಗುವ ಕೀಲಿನ ರಬ್ಬರ್) ಮೇಲೆ ಅನುಮಾನಪಡಿ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಆರ್ಮ್‌ನ ಬೋಲ್ಟ್ ಬಿಗಿದಿದ್ದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಬೋಲ್ಟ್ ಸಡಿಲಿಸಿ, ಗಾಡಿಯ ಭಾರವನ್ನು ಚಕ್ರಗಳ ಮೇಲೆ ಬಿಟ್ಟು, ಆಮೇಲೆ ಬಿಗಿಯಲು ಹೇಳಿ. ಹೆಚ್ಚು ಖರ್ಚಿಲ್ಲದ ಕೆಲಸ. ಅವಸರದ ಗ್ಯಾರೇಜಿನಲ್ಲಿ ತಪ್ಪಿಹೋಗುವುದೂ ಇದೇ.

ತಿರುವಿನಲ್ಲಿ ‘ಕಟಕಟ’ ಎಂದರೆ, ಫೋರ್ ವೀಲ್ ಡ್ರೈವ್ ಗಾಡಿಯಾದರೆ, ಮುಂದಿನ ಆಕ್ಸಲ್‌ನ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯೇ ನೋಡಿ. ಎತ್ತರಿಸಿದ ಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿಲ್ಲವಾದರೆ ಟೈರಿನ ಅಂಚು ಸವೆಯುವುದು ಖಚಿತ.

ಟೊಮೆಟೊ ಕ್ರೇಟ್ ಹೇರಿ ಕೋಲಾರದ ಮಾರುಕಟ್ಟೆಗೆ ಹೋಗುವ ಗಾಡಿ ಎಂದಿರಲ್ಲ? ಹಿಂದೆ ಭಾರ ಬಿದ್ದಾಗ ಮೂತಿ ಇನ್ನಷ್ಟು ಏಳುತ್ತದೆ. ನಾನಾಗಿದ್ದರೆ ಎತ್ತರವನ್ನು 1 ಇಂಚಿಗೆ ಇಳಿಸುತ್ತಿದ್ದೆ.