ಒಂದೇ ಮಹಡಿ: ಒಂದು ಕೋಣೆಯಲ್ಲಿ ಸೆಕೆ, ಇನ್ನೊಂದರಲ್ಲಿ ಚಳಿ

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಎರಡು ಅಂತಸ್ತಿನ ಇಟ್ಟಿಗೆ ಮನೆಯಲ್ಲಿ ಇದ್ದೇವೆ. ರೇಡಿಯೇಟರುಗಳಿಗೂ ಸ್ನಾನಕ್ಕೂ ನೀರು ಕಾಯಿಸುವ ಗ್ಯಾಸಿನ ಕಾಂಬಿ ಬಾಯ್ಲರ್ ಇದೆ. ಕೆಳ ಅಂತಸ್ತಿಗೆ ಒಂದು, ಮಲಗುವ ಕೋಣೆಗಳಿರುವ ಮೇಲಿನ ಅಂತಸ್ತಿಗೆ ಒಂದು, ಹೀಗೆ ಬೇರೆ ಬೇರೆಯಾಗಿ ಕಾಯಿಸಬಲ್ಲ ಎರಡು ಝೋನ್ (ವಿಭಾಗ) ಮಾಡಿದ್ದಾರೆ. ಮೇಲಿನ ಝೋನಿನ ಉಷ್ಣತೆ ನಿಯಂತ್ರಿಸುವ ಥರ್ಮೋಸ್ಟಾಟ್, ಮೆಟ್ಟಿಲು ಹತ್ತಿದೊಡನೆ ಸಿಗುವ ಲ್ಯಾಂಡಿಂಗಿನ ಗೋಡೆಯಲ್ಲಿದೆ. ಅದನ್ನು ಹಗಲೂ ರಾತ್ರಿ 20ಕ್ಕೆ ಇಟ್ಟಿದ್ದೇವೆ. ನನ್ನ ಹೆಂಡತಿಗೆ ಹೆರಿಗೆಯಾಗಿ ಆರು ವಾರವಾಯಿತು; ಬಾಣಂತನಕ್ಕೆಂದು ಅತ್ತೆಯವರು ದಾವಣಗೆರೆಯಿಂದ ಬಂದಿದ್ದಾರೆ. ಅವರು, ಬಾಣಂತಿ ಮತ್ತು ಮಗು ಮಲಗುವ ಚಿಕ್ಕ ಕೋಣೆ ನಡುರಾತ್ರಿಗೆ 24 ಡಿಗ್ರಿ ಮುಟ್ಟುತ್ತದೆ. ಆ ಕೋಣೆಯ ರೇಡಿಯೇಟರಿನ (ಬಿಸಿನೀರು ಹರಿದು ಕೋಣೆ ಕಾಯಿಸುವ ಫಲಕದ) ವಾಲ್ವನ್ನು 5ಕ್ಕೆ ತಿರುಗಿಸಲಾಗಿದೆ. ನಾನು ಮತ್ತು ದೊಡ್ಡ ಮಗಳು ಮಲಗುವ ಉತ್ತರ ದಿಕ್ಕಿನ ಕೋಣೆ ಬೆಳಗಿನ ಜಾವಕ್ಕೆ 15ಕ್ಕೆ ಇಳಿದಿರುತ್ತದೆ. ಅಲ್ಲಿಯ ರೇಡಿಯೇಟರ್ ಕಿಟಕಿಯ ಕೆಳಗಿದ್ದು, ಉದ್ದನೆಯ ಪರದೆ ಅದರ ಮೇಲೆ ಬೀಳುತ್ತದೆ. ಬಾಯ್ಲರ್ ರಾತ್ರಿಯಿಡೀ ಕೆಲವೇ ನಿಮಿಷಕ್ಕೊಮ್ಮೆ ಹೊತ್ತಿ ಆರುವ ಸದ್ದು ಕೇಳುತ್ತದೆ. ಬಾಣಂತಿಯ ಕೋಣೆ ಬೆಚ್ಚಗಿರಲೇಬೇಕು ಎಂಬುದು ಅತ್ತೆಯವರ ಮಾತು. ಏನು ಮಾಡಬೇಕು?
— ಓದುಗರೊಬ್ಬರು, ರೆಡಿಂಗ್

ಉತ್ತರ: ನೀವು ಬರೆದಿರುವ ವಿವರ ನೋಡಿದರೆ ಬಾಯ್ಲರಿನಲ್ಲಿ ದೋಷವಿರುವಂತೆ ತೋರುವುದಿಲ್ಲ, ಅದು ತನಗೆ ಬಂದ ಆದೇಶವನ್ನು ಪಾಲಿಸುತ್ತಿದೆ. ಆದರೆ ಆ ಆದೇಶ ಯಾರೂ ಮಲಗದ ಜಾಗದಿಂದ ಹೋಗುತ್ತಿದೆ. ಮೇಲಿನ ಅಂತಸ್ತಿಗೆ ಬಿಸಿನೀರು ಹರಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಲ್ಯಾಂಡಿಂಗಿನ ಥರ್ಮೋಸ್ಟಾಟ್ ಮಾತ್ರ. ಅಲ್ಲಿಯ ಗಾಳಿ ತಣ್ಣಗಾದೊಡನೆ ಝೋನ್ ವಾಲ್ವಿನ ಮೋಟಾರು ತಿರುಗಿ ದಾರಿ ತೆರೆಯುತ್ತದೆ, ದಾರಿ ತೆರೆದ ಮೇಲೆ ಆ ವಾಲ್ವಿನೊಳಗಿನ ಸಣ್ಣ ಸ್ವಿಚ್ಚು ಪಂಪಿಗೂ ಬಾಯ್ಲರಿಗೂ ಚಾಲನೆ ಕೊಡುತ್ತದೆ. ಸಂಜೆ ಕೆಳಗಿನ ಮನೆಯ ಬಿಸಿಗಾಳಿ ಮೆಟ್ಟಿಲ ದಾರಿಯಲ್ಲಿ ಏರಿ ಲ್ಯಾಂಡಿಂಗನ್ನು ಬೆಚ್ಚಗಾಗಿಸುವುದರಿಂದ, ಮೇಲಿನ ಕೋಣೆಗಳು ಕಾಯುವ ಮೊದಲೇ ಥರ್ಮೋಸ್ಟಾಟ್ ಸಾಕು ಎಂದುಬಿಡುತ್ತದೆ. ಮಲಗುವ ಹೊತ್ತಿಗೆ ಕೆಳಗಿನ ಝೋನ್ ಆರಿದ ಮೇಲೆ ಇದು ತಿರುವುಮುರುವಾಗುತ್ತದೆ: ಕೋಣೆಗಳ ಬಾಗಿಲು ಮುಚ್ಚಿರುತ್ತವೆ, ಲ್ಯಾಂಡಿಂಗ್ ತಣ್ಣಗಾಗುತ್ತ ಹೋಗುತ್ತದೆ, 20 ಮುಟ್ಟಲಾರದ ಆ ಜಾಗಕ್ಕಾಗಿ ಇಡೀ ಝೋನ್ ಬೆಳಗಿನವರೆಗೆ ಶಾಖ ಕೇಳುತ್ತಲೇ ಇರುತ್ತದೆ.

ಇನ್ನು ರೇಡಿಯೇಟರುಗಳ ಪಕ್ಕದಲ್ಲಿರುವ, 1ರಿಂದ 5ರವರೆಗೆ ಅಂಕಿಗಳಿರುವ ವಾಲ್ವುಗಳು. ಇವುಗಳ ತಲೆಯೊಳಗೆ ಮೇಣವೋ ದ್ರವವೋ ಇರುತ್ತದೆ. ಸುತ್ತಲಿನ ಗಾಳಿ ಬಿಸಿಯಾದಾಗ ಅದು ಹಿಗ್ಗಿ, ಪಿನ್ನನ್ನು ಒತ್ತಿ, ನೀರಿನ ದಾರಿಯನ್ನು ಮುಚ್ಚುತ್ತದೆ. ಇಂಥ ವಾಲ್ವು ತನ್ನ ಕೋಣೆಗೆ ಸಾಕು ಎನ್ನಬಲ್ಲದೇ ಹೊರತು, ಬೇಕು ಎಂದು ಬಾಯ್ಲರಿಗೆ ಹೇಳಲಾರದು. ನಿಮ್ಮ ಮನೆಯ ಎರಡು ಕೋಣೆಗಳ ತೊಂದರೆಯೂ ಇಲ್ಲಿಂದಲೇ ಹುಟ್ಟಿದೆ. ಚಿಕ್ಕ ಕೋಣೆಯ ವಾಲ್ವನ್ನು 5ಕ್ಕೆ ಇಟ್ಟರೆ ಕೋಣೆ ಬೇಗ ಕಾಯುತ್ತದೆ ಎಂದು ಅನೇಕರು ತಿಳಿದಿರುತ್ತಾರೆ. ನಿಜವಾಗಿ ಅದು ಇನ್ನೂ ತಡವಾಗಿ ಮುಚ್ಚಿಕೋ ಎಂಬ ಸೂಚನೆಯಷ್ಟೆ, ಸಾಮಾನ್ಯವಾಗಿ 3ರ ಗುರುತು 20 ಡಿಗ್ರಿಯ ಆಸುಪಾಸಿನದು. ಉತ್ತರದ ಕೋಣೆಯಲ್ಲಿ ಪರದೆಯ ಹಿಂದೆ ಸಿಕ್ಕಿಕೊಂಡ ಬಿಸಿಗಾಳಿಯನ್ನೇ ಕೋಣೆಯ ಗಾಳಿ ಎಂದು ಭಾವಿಸಿ ವಾಲ್ವು ಮುಚ್ಚಿಕೊಳ್ಳುತ್ತದೆ, ಹಾಸಿಗೆಯ ಮಗ್ಗುಲಲ್ಲಿ ಮಾತ್ರ ಚಳಿ ಉಳಿಯುತ್ತದೆ. ಇವತ್ತೇ ಆ ಪರದೆಯನ್ನು ರೇಡಿಯೇಟರಿನ ಹಿಂಬದಿಗೆ ಸೇರಿಸಿ ಅಥವಾ ಕಿಟಕಿಯ ಹಲಗೆಯ ಮಟ್ಟಕ್ಕೆ ಮೊಟಕು ಮಾಡಿ. ಇಷ್ಟರಿಂದಲೇ ಒಂದೆರಡು ಡಿಗ್ರಿ ವ್ಯತ್ಯಾಸ ಕಂಡರೂ ಆಶ್ಚರ್ಯವಿಲ್ಲ.

ಆಮೇಲಿನ ಮುಖ್ಯ ಕೆಲಸ, ಥರ್ಮೋಸ್ಟಾಟನ್ನು ಲ್ಯಾಂಡಿಂಗಿನಿಂದ ಬಿಡಿಸುವುದು. 150 ಚದರ ಮೀಟರಿಗಿಂತ ದೊಡ್ಡ ಹೊಸ ಮನೆಗಳಿಗೆ ಕನಿಷ್ಠ ಎರಡು ಝೋನ್ ಇರಬೇಕೆಂದು ಇಂಗ್ಲೆಂಡಿನ ಕಟ್ಟಡ ನಿಯಮಗಳು ಹೇಳುತ್ತವೆ. ಆದರೆ ಝೋನ್ ಎರಡಾದ ಮಾತ್ರಕ್ಕೆ ಪ್ರತಿ ಕೋಣೆಯ ಉಷ್ಣತೆಯೂ ಹಿಡಿತಕ್ಕೆ ಬಂದಂತಾಗಲಿಲ್ಲ. ತಂತಿಯಿಲ್ಲದ ಥರ್ಮೋಸ್ಟಾಟ್ ಹಾಕಿಸಿಕೊಂಡು ಅದನ್ನು ನಿಮ್ಮ ಉತ್ತರದ ಕೋಣೆಯಲ್ಲಿ, ಒಳಗೋಡೆಯ ಮೇಲೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ರೇಡಿಯೇಟರಿನಿಂದ ದೂರವಾಗಿ ಇಡಿ. ಅತ್ಯಂತ ತಣ್ಣನೆಯ ಕೋಣೆಯೇ ಝೋನಿಗೆ ಆದೇಶ ಕೊಡಬೇಕು; ಮಿಕ್ಕ ಕೋಣೆಗಳ ವಾಲ್ವುಗಳು ತಮಗೆ ಬೇಕಾದಷ್ಟರಲ್ಲಿ ನಿಲ್ಲಿಸಿಕೊಳ್ಳುತ್ತವೆ. ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರ್ ವಾಲ್ವನ್ನು ಮಾತ್ರ ಪೂರ್ತಿ ತೆರೆದಿಡಬೇಕು, ಇಲ್ಲವಾದರೆ ಒಂದು ಬೇಕು ಎನ್ನುತ್ತಿರುವಾಗ ಇನ್ನೊಂದು ಸಾಕು ಎಂದು ಮುಚ್ಚಿ, ಬಾಯ್ಲರ್ ವ್ಯರ್ಥವಾಗಿ ಉರಿಯುತ್ತದೆ. ಖರ್ಚಿಗೆ ಹಿಂಜರಿಕೆ ಇಲ್ಲದಿದ್ದರೆ, ಬಾಯ್ಲರಿಗೆ ತಾವೇ ಬೇಡಿಕೆ ಕಳುಹಿಸಬಲ್ಲ ಬ್ಯಾಟರಿಯ ಸ್ಮಾರ್ಟ್ ವಾಲ್ವುಗಳನ್ನು ಎಲ್ಲ ಮಲಗುವ ಕೋಣೆಗಳಿಗೂ ಹಾಕಿಸಬಹುದು. ವಾಲ್ವಿನ ತಲೆ ಬದಲಿಸುವುದು ನಿಮ್ಮಿಂದಲೇ ಆಗುವ ಕೆಲಸ. ಝೋನಿನ ವಿದ್ಯುತ್ ತಂತಿಯನ್ನು ಬಲ್ಲವರಿಂದ ಮಾಡಿಸಿ, ಬಾಯ್ಲರಿನ ಗ್ಯಾಸಿನ ಭಾಗವನ್ನು ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರ ಹೊರತು ಯಾರೂ ಮುಟ್ಟುವಂತಿಲ್ಲ.

ಬಾಯ್ಲರ್ ಪದೇ ಪದೇ ಹೊತ್ತಿ ಆರುವುದಕ್ಕೆ ಕಾರಣ, ರಾತ್ರಿ ಅದಕ್ಕೆ ಸಿಗುವ ಕೆಲಸ ತೀರ ಕಡಿಮೆ. ಚಿಕ್ಕ ಕೋಣೆಯ ರೇಡಿಯೇಟರ್ ಒಂದು ಕಿಲೋವಾಟಿನಷ್ಟು ಶಾಖ ಹೊರಹಾಕಬಹುದು. ಬಾಯ್ಲರಿನ ಅತಿ ಸಣ್ಣ ಉರಿ ಕೂಡ ಅನೇಕ ಮಾದರಿಗಳಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ನೀರು ಕ್ಷಣದಲ್ಲಿ ಕಾದು, ಬಾಯ್ಲರ್ ಆರಿ, ಮತ್ತೆ ಹೊತ್ತುತ್ತದೆ. ಆದ್ದರಿಂದಲೇ ಪ್ರತಿ ಕೋಣೆಯನ್ನೂ ಬೇರೆ ಬೇರೆ ವೇಳೆಗೆ ಕಾಯಿಸುವ ಆಸೆಗಿಂತ, ಮಲಗುವ ಕೋಣೆಗಳನ್ನೆಲ್ಲ ಒಟ್ಟಿಗೆ ಒಂದೇ ವೇಳಾಪಟ್ಟಿಗೆ ಸೇರಿಸುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಜೊತೆಗೆ, ರೇಡಿಯೇಟರಿಗೆ ಹೋಗುವ ನೀರಿನ ಉಷ್ಣತೆಯನ್ನು ಬಾಯ್ಲರಿನ ಮುಂಭಾಗದ ಗುಂಡಿಯಲ್ಲಿ 60ಕ್ಕೋ 55ಕ್ಕೋ ಇಳಿಸಿ ನೋಡಿ. ನಿಮ್ಮದು ಕಾಂಬಿ ಆದ್ದರಿಂದ ಸ್ನಾನದ ನೀರಿನ ಗುಂಡಿ ಬೇರೆಯೇ ಇರುತ್ತದೆ, ಅದಕ್ಕೆ ಬಾಧೆಯಿಲ್ಲ. ರೇಡಿಯೇಟರುಗಳಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ ಹೊಗೆಯಲ್ಲಿರುವ ಆವಿ ನೀರಾಗಿ, ಅದರ ಶಾಖವೂ ಮನೆಗೆ ದಕ್ಕುತ್ತದೆ. ಕೋಣೆಗಳು ನಿಧಾನವಾಗಿ ಕಾಯುವುದರಿಂದ ಕಾಯಿಸುವುದನ್ನು ಅರ್ಧ ಗಂಟೆಯಷ್ಟು ಮುಂಚಿತವಾಗಿ ಶುರು ಮಾಡಬೇಕಾಗುತ್ತದೆ.

ಎಷ್ಟು ಡಿಗ್ರಿಗೆ ಇಡಬೇಕು ಎಂಬುದಕ್ಕೆ ನಿಮ್ಮ ಮನೆಯಲ್ಲಿ ಮಗುವೇ ಉತ್ತರ. ಶಿಶುಗಳ ಹಠಾತ್ ಸಾವನ್ನು ತಡೆಯಲು ಶ್ರಮಿಸುವ ಬ್ರಿಟನ್ನಿನ ಲಲಬೈ ಟ್ರಸ್ಟ್, ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿಯೊಳಗೆ ಇರಬೇಕೆನ್ನುತ್ತದೆ. ಅತಿಯಾದ ಸೆಕೆ ಆ ಅಪಾಯವನ್ನು ಹೆಚ್ಚಿಸುತ್ತದೆ. 24 ಡಿಗ್ರಿ ಖಂಡಿತ ಬೇಡ. ಅತ್ತೆಯವರ ಕಾಳಜಿ ಅಕಾರಣವಾದದ್ದಲ್ಲ: ನಮ್ಮ ಊರುಗಳ ಗಾಳಿಯಾಡುವ ಹೆಂಚಿನ ಮನೆಗಳಲ್ಲಿ ಬಾಣಂತಿಗೆ ಶೀತ ತಾಗದಂತೆ ಕಾಪಾಡಲು ಕೋಣೆಯನ್ನೇ ಬೆಚ್ಚಗಿಡಬೇಕಾಗಿತ್ತು. ಇಲ್ಲಿ ಬಾಣಂತಿಗೆ ಬೇಕಾದ ಬಿಸುಪನ್ನು ಸ್ವೆಟರು, ಕಾಲುಚೀಲ, ದಪ್ಪ ಹೊದಿಕೆಗಳಿಂದ ಒದಗಿಸಿ, ಕೋಣೆಯನ್ನು 18ರಲ್ಲಿ ಬಿಡಬಹುದು ಎಂದು ಅವರಿಗೆ ಸಮಾಧಾನವಾಗಿ ತಿಳಿಸಿ. ಮಗು ನಿದ್ರಿಸುವಾಗ ಮನೆಯೊಳಗೆ ಕುಲಾವಿ ಬೇಡ, ಏಕೆಂದರೆ ಎಳೆಮಗು ಮೈಯ ಹೆಚ್ಚುವರಿ ಶಾಖವನ್ನು ತಲೆಯಿಂದ ಹೊರಬಿಡುತ್ತದೆ. ತೊಟ್ಟಿಲು ರೇಡಿಯೇಟರಿನ ಪಕ್ಕದಲ್ಲಿ ಬೇಡ. ಕೈಕಾಲು ತಣ್ಣಗಿರುವುದು ಸಹಜ. ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಿ, ಬೆವರಿದ್ದರೆ ಒಂದು ಪದರ ಬಟ್ಟೆ ತೆಗೆಯಿರಿ.

ಆದ್ದರಿಂದ ಮೇಲಿನ ಝೋನನ್ನು ರಾತ್ರಿಯಿಡೀ 18ರಲ್ಲಿ ಇಟ್ಟು, ಚಿಕ್ಕ ಕೋಣೆಯ ವಾಲ್ವನ್ನು 2 ಮತ್ತು 3ರ ನಡುವೆ ನಿಲ್ಲಿಸಿ, ತೊಟ್ಟಿಲ ಹತ್ತಿರ ಸಣ್ಣ ಥರ್ಮಾಮೀಟರ್ ಇಟ್ಟು ಕೆಲವು ರಾತ್ರಿ ಗಮನಿಸುತ್ತ ತಿದ್ದಿಕೊಳ್ಳಿ. ಒಂದೇ ಸಲ ಹೆಚ್ಚು ತಿರುಗಿಸಬೇಡಿ. ಉತ್ತರದ ಕೋಣೆಯ ಉಷ್ಣತೆ ಬಹಳ ಇಳಿಯಲು ಬಿಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ: 20 ಡಿಗ್ರಿಯಲ್ಲಿ ಶೇಕಡಾ 60ರ ತೇವವಿರುವ ಗಾಳಿ, 12 ಡಿಗ್ರಿಗಿಂತ ತಣ್ಣನೆಯ ಗೋಡೆಯನ್ನು ಸೋಕಿದೊಡನೆ ಅಲ್ಲಿ ನೀರಾಗುತ್ತದೆ. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂದೆ ಕಪ್ಪು ಬೂಷ್ಟು ಕಾಣಿಸಿಕೊಳ್ಳುವುದು ಹೀಗೆಯೇ. ಬೀರುವನ್ನು ಒಂದು ಗೇಣು ಮುಂದಕ್ಕೆಳೆದು, ಕಿಟಕಿಯ ಮೇಲಂಚಿನಲ್ಲಿರುವ ಗಾಳಿಕಿಂಡಿಗಳನ್ನು ತೆರೆದಿಡಿ.

ಪ್ರಶ್ನೆ: ನಮ್ಮ ಮನೆಯ ಗ್ಯಾಸ್ ಬಾಯ್ಲರ್ ತೆಗೆಸಿ, ಹೊರಗಿನ ಗಾಳಿಯ ಶಾಖವನ್ನು ಹೀರಿ ವಿದ್ಯುತ್ತಿನಿಂದ ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿದ್ದೇವೆ. ಮೊದಲಿನಂತೆ ಮಲಗುವ ಮುನ್ನ ಪೂರ್ತಿ ಆರಿಸಿದರೆ, ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವವರೆಗೂ ಕೋಣೆಗಳು ಕಾಯುವುದಿಲ್ಲ. ಇದು ಸರಿಯೇ?
— ಓದುಗರೊಬ್ಬರು, ಎಡಿನ್‌ಬರೋ

ಉತ್ತರ: ಹೀಟ್ ಪಂಪ್ ಕಳುಹಿಸುವ ನೀರು ಸಾಮಾನ್ಯವಾಗಿ 35ರಿಂದ 50 ಡಿಗ್ರಿಯದು, ಅದು ಮಂದವಾಗಿ, ಬಹಳ ಹೊತ್ತು ದುಡಿಯುವ ಯಂತ್ರ. ಪೂರ್ತಿ ಆರಿಸಿದ ಮನೆಯನ್ನು ಬೆಳಗಿನ ಚಳಿಯಲ್ಲಿ ಅವಸರದಿಂದ ಕಾಯಿಸಹೊರಟರೆ ನೀರನ್ನು ಹೆಚ್ಚು ಬಿಸಿ ಮಾಡಬೇಕಾಗುತ್ತದೆ, ಹಾಗೆ ಮಾಡಿದಷ್ಟೂ ವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ ಸಿಗುವ ಶಾಖ ಕಡಿಮೆಯಾಗುತ್ತದೆ. ರಾತ್ರಿ ಆರಿಸುವ ಬದಲು ಒಂದೆರಡು ಡಿಗ್ರಿ ಮಾತ್ರ ಇಳಿಸಿ. ಝೋನ್‌ಗಳನ್ನು ಒಂದೊಂದಾಗಿ ಮುಚ್ಚುವುದೂ ಇದಕ್ಕೆ ಒಗ್ಗುವುದಿಲ್ಲ, ಏಕೆಂದರೆ ಹೊರಗಿನ ಘಟಕದ ಮೇಲೆ ಕಟ್ಟಿದ ಹಿಮವನ್ನು ಕರಗಿಸಿಕೊಳ್ಳಲು ಯಂತ್ರಕ್ಕೆ ಕೊಳವೆಗಳಲ್ಲಿ ಹರಿಯುತ್ತಿರುವ ಸಾಕಷ್ಟು ಬೆಚ್ಚನೆಯ ನೀರು ಬೇಕು. ಮಲಗುವ ಕೋಣೆ ಉಳಿದವುಗಳಿಗಿಂತ ತಂಪಾಗಿರಬೇಕೆಂದರೆ, ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಮುಚ್ಚಳದ ಕೆಳಗಿರುವ, ನೀರಿನ ಹರಿವನ್ನು ಮಿತಗೊಳಿಸುವ ಲಾಕ್‌ಶೀಲ್ಡ್ ವಾಲ್ವನ್ನು, ಯಂತ್ರ ಅಳವಡಿಸಿದವರಿಂದಲೇ ಸ್ವಲ್ಪ ಬಿಗಿ ಮಾಡಿಸಿ.