ಓದುಗರ ಪ್ರಶ್ನೆ: ಮುದ್ದೆ, ಬಸ್ಸಾರಿನ ಮನೆಗೆ ಮೆಡಿಟರೇನಿಯನ್ ಊಟ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೆಡಿಟರೇನಿಯನ್ ಆಹಾರ ಪದ್ಧತಿಯ ಬಗ್ಗೆ, ಅಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗ್ರೀಸ್, ಇಟಲಿ, ಸ್ಪೇನ್ ಕಡೆಯ ಊಟದ ಕ್ರಮದ ಬಗ್ಗೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ನಮ್ಮ ಯಜಮಾನರಿಗೆ ಕೊಲೆಸ್ಟರಾಲ್ ಜಾಸ್ತಿ ಇದೆ. ಮೆಡಿಟರೇನಿಯನ್ ಊಟ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದಾರೆ. ಅದರಿಂದ ನಿಜವಾಗಿ ಏನು ಪ್ರಯೋಜನ? ಅಷ್ಟು ದುಬಾರಿ ಆಲಿವ್ ಎಣ್ಣೆ ತರಲೇಬೇಕಾ? (ಹಾಸನದ ಓದುಗರು)

ಹೃದಯ ಮತ್ತು ರಕ್ತನಾಳಗಳ ರಕ್ಷಣೆಯೇ ಇದರ ಮುಖ್ಯ ಪ್ರಯೋಜನ. ಗ್ರೀಸಿನ ಕ್ರೀಟ್ ದ್ವೀಪದ ಜನರಲ್ಲಿ ಹೃದಯಾಘಾತ ಬಹಳ ಕಡಿಮೆ ಎಂಬುದು 1958ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಕಂಡುಬಂತು. ಅದಕ್ಕಿಂತ ಗಟ್ಟಿಯಾದ ಪುರಾವೆ ಸ್ಪೇನಿನ ಪ್ರೆಡಿಮೆಡ್ ಪ್ರಯೋಗದ್ದು. ಹೃದ್ರೋಗದ ಅಪಾಯ ಹೆಚ್ಚಿದ್ದ ಸುಮಾರು 7,400 ಜನರನ್ನು ಮೂರು ಗುಂಪು ಮಾಡಿದರು. ಎರಡು ಗುಂಪುಗಳಿಗೆ ಮೆಡಿಟರೇನಿಯನ್ ಊಟ. ಅದರ ಜೊತೆ ಒಂದಕ್ಕೆ ಎಕ್ಸ್‌ಟ್ರಾ ವರ್ಜಿನ್ (ಶುದ್ಧೀಕರಿಸದೆ ಹಾಗೇ ಹಿಂಡಿ ತೆಗೆದ) ಆಲಿವ್ ಎಣ್ಣೆ, ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಅಕ್ರೂಟ್, ಬಾದಾಮಿ, ಹೇಜಲ್‌ನಟ್. ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡುವ ಸಲಹೆ. ಸುಮಾರು ಐದು ವರ್ಷದಲ್ಲಿ ಮೊದಲೆರಡು ಗುಂಪುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಮೂರೂ ಸೇರಿ ಸುಮಾರು 30 ಶೇಕಡ ಕಡಿಮೆಯಾದವು. ಹೆಚ್ಚು ಇಳಿದದ್ದು ಪಾರ್ಶ್ವವಾಯು. 2013ರ ಈ ವರದಿಯಲ್ಲಿ ಗುಂಪು ವಿಂಗಡಣೆಯ ಲೋಪ ಕಂಡಿದ್ದರಿಂದ ಹಿಂಪಡೆದು, ಮತ್ತೆ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ತೀರ್ಮಾನ ಬಹುಮಟ್ಟಿಗೆ ಹಾಗೇ ಉಳಿಯಿತು.

ಎಣ್ಣೆಯ ಗುಂಪಿಗೂ ಬೀಜಗಳ ಗುಂಪಿಗೂ ಹೆಚ್ಚುಕಡಿಮೆ ಒಂದೇ ಲಾಭ ಸಿಕ್ಕಿದ್ದನ್ನು ಗಮನಿಸಿ. ಕೆಲಸ ಮಾಡಿದ್ದು ಒಂದು ಬಾಟಲಿಯಲ್ಲ, ಇಡೀ ತಟ್ಟೆ: ಹೆಚ್ಚು ಸೊಪ್ಪು ತರಕಾರಿ, ಕಾಳು, ಹಣ್ಣು, ಬೀಜ, ಮೀನು, ಕಡಿಮೆ ಕೆಂಪು ಮಾಂಸ, ಬೆಣ್ಣೆ, ಸಿಹಿ.

ಆಲಿವ್ ಎಣ್ಣೆಯಲ್ಲಿ ಸುಮಾರು 70 ಶೇಕಡ ಓಲಿಕ್ ಆಮ್ಲ ಎಂಬ ಒಳ್ಳೆಯ ಬಗೆಯ ಕೊಬ್ಬಿದೆ. ಕಡಲೆಕಾಯಿ ಎಣ್ಣೆಯಲ್ಲಿ ಅದು ಅರ್ಧದ ಆಸುಪಾಸು. ಎಕ್ಸ್‌ಟ್ರಾ ವರ್ಜಿನ್‌ನಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯಜನ್ಯ ಪದಾರ್ಥಗಳು ಕಡಲೆಕಾಯಿ ಎಣ್ಣೆಯಲ್ಲಿಲ್ಲ, ಅದು ನಿಜ. ಆದರೂ ಮನೆಯ ಖರ್ಚು ನೋಡಿದರೆ ಅಡುಗೆಗೆ ಕಡಲೆಕಾಯಿ ಎಣ್ಣೆ ಸಾಕು, ಉಳಿದ ದುಡ್ಡಲ್ಲಿ ಸೊಪ್ಪು, ಕಾಳು ತನ್ನಿ. ಆಲಿವ್ ತರುವುದೇ ಆದರೆ ಲೇಬಲ್ ಓದಿ. ‘ಪೋಮೇಸ್’ ಎಂದಿದ್ದರೆ ಅದು ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ತೆಗೆದು ಶುದ್ಧೀಕರಿಸಿದ್ದು, ಅದಕ್ಕೆ ಆ ಬೆಲೆ ಕೊಡಬೇಡಿ.

ಆ ಪ್ರಯೋಗದವರು ದಿನಕ್ಕೆ ನಾಲ್ಕು ದೊಡ್ಡ ಚಮಚ ಎಣ್ಣೆ ಬಳಸಿದರು, ನಮ್ಮ ಡಾಕ್ಟರು ಕಡಿಮೆ ಮಾಡಿ ಅನ್ನುತ್ತಾರಲ್ಲ ಎಂದೂ ಕೇಳಿದ್ದೀರಿ. ಅಲ್ಲಿ ಆ ಎಣ್ಣೆ ಬೇರೆ ಕೊಬ್ಬಿನ ಜಾಗಕ್ಕೆ ಬಂದದ್ದು. ನಮ್ಮಲ್ಲಿ ಕಾಯಿ, ತುಪ್ಪ, ಕರಿದದ್ದು ಎಲ್ಲ ಇದ್ದ ಹಾಗೇ ಇದ್ದು ಮೇಲೆ ಎಣ್ಣೆ ಸೇರಿದರೆ ಬರೀ ತೂಕ ಏರುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ, ಅಂದರೆ ಸುಮಾರು 20 ಗ್ರಾಂ, ಒಳ್ಳೆಯ ಗುರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆ ಲೀಟರಿನಷ್ಟಾಯಿತು. ತಿಂಗಳಿಗೆ ಐದು ಲೀಟರಿನ ಕ್ಯಾನ್ ಖಾಲಿಯಾಗುತ್ತಿದ್ದರೆ ಮೊದಲು ಹುಡುಕಬೇಕಾದ್ದು ಕರಿಯುವ ಬಾಣಲೆಯನ್ನು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆದು ಹಾನಿಕರ ಪದಾರ್ಥಗಳಾಗುತ್ತದೆ.

ಊಟ ಬದಲಿಸಿದೆವೆಂದು ಯಜಮಾನರ ಕೊಲೆಸ್ಟರಾಲ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮೂರು ತಿಂಗಳ ನಂತರ ರಕ್ತಪರೀಕ್ಷೆ ಮಾಡಿಸಿ, ಡಾಕ್ಟರೇ ನಿರ್ಧರಿಸಲಿ.

ನಮ್ಮದು ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮುದ್ದೆ. ಇದರಲ್ಲಿ ಏನು ಬದಲಿಸಬೇಕು? (ಚಿಕ್ಕಮಗಳೂರು)

ಬ್ರೆಡ್ಡು, ಪಾಸ್ತಾ ಏನೂ ಬೇಕಿಲ್ಲ. ಪ್ರಮಾಣ ತಿರುಗಿಸಿ: ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಕಾಲು ಭಾಗ ಮುದ್ದೆ ಅಥವಾ ಅನ್ನ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿದು, ಬಿಟ್ಟ ಜಾಗಕ್ಕೆ ಪಲ್ಯ ತುಂಬಿಸಿಕೊಳ್ಳಿ. ಆಲೂಗಡ್ಡೆ ಹಾಸನದ್ದೇ ಆದರೂ ಅದನ್ನು ಅನ್ನದ ಲೆಕ್ಕಕ್ಕೆ ಹಿಡಿಯಿರಿ, ತರಕಾರಿ ಲೆಕ್ಕಕ್ಕಲ್ಲ.

ಬಸ್ಸಾರು ಈ ಪದ್ಧತಿಗೆ ಹೇಳಿ ಮಾಡಿಸಿದ ಅಡುಗೆ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರೇ ಸಾರಾಗುವುದರಿಂದ ನೀರಿಗಿಳಿದ ಫೋಲೇಟ್, ಪೊಟ್ಯಾಸಿಯಂ ಚೆಲ್ಲಿಹೋಗುವುದಿಲ್ಲ. ನಾಲ್ಕು ಜನಕ್ಕೆ 150 ಗ್ರಾಂ ಒಣ ಹುರುಳಿ, ಅಲಸಂದೆ ಅಥವಾ ಅವರೆಕಾಳು, ಎರಡು ದೊಡ್ಡ ಕಟ್ಟು ದಂಟು ಅಥವಾ ಹರಿವೆ ಸೊಪ್ಪು, ಒಗ್ಗರಣೆಗೆ ನಾಲ್ಕು ಟೀ ಚಮಚ ಎಣ್ಣೆ. ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಹೊಟ್ಟೆ ಉಬ್ಬರ ಕಡಿಮೆಯಾಗುತ್ತದೆ. ಸೊಪ್ಪನ್ನು ಕಾಳು ಬೆಂದ ಮೇಲಷ್ಟೇ ಹಾಕಿ. ಹುಣಸೆಹುಳಿಯನ್ನು ಮೊದಲೇ ಸೇರಿಸಿದರೆ ಕಾಳು ಎಷ್ಟು ಹೊತ್ತಾದರೂ ಗಟ್ಟಿಯೇ ಉಳಿಯುತ್ತದೆ, ಹುಳಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಬೇಗ ಬೇಯಲೆಂದು ಸೋಡಾ ಹಾಕಿದರೆ ಬಿ1 ಜೀವಸತ್ವ ಹಾಳಾಗುತ್ತದೆ. ಕಾಳು ತಿಂದು ಅಭ್ಯಾಸವಿಲ್ಲದವರು ಮೊದಲ ವಾರ ಅರ್ಧ ಪ್ರಮಾಣದಿಂದ ಶುರುಮಾಡಿ.

ಅಕ್ಕಿ ರೊಟ್ಟಿಗೆ ಎರಡು ಲೋಟ ಹಿಟ್ಟಿದ್ದರೆ ಒಂದು ಲೋಟ ಹೆಚ್ಚಿದ ಸಬ್ಬಸಿಗೆ ಅಥವಾ ನುಗ್ಗೆ ಸೊಪ್ಪು, ಒಂದು ಈರುಳ್ಳಿ ಸೇರಲಿ. ಉಪ್ಪು ತಾಗಿದ ಸೊಪ್ಪು ನೀರು ಬಿಡುತ್ತದೆ. ಆದ್ದರಿಂದ ಸೊಪ್ಪು, ಉಪ್ಪು, ಹಿಟ್ಟು ಕಲಸಿ ಹತ್ತು ನಿಮಿಷ ಬಿಟ್ಟು, ಆಮೇಲೆ ಬೇಕಾದಷ್ಟೇ ಬಿಸಿನೀರು ಹಾಕಿ. ಮೊದಲೇ ಹಾಕಿದರೆ ಹಿಟ್ಟು ಸಡಿಲಾಗಿ ರೊಟ್ಟಿ ಹರಿಯುತ್ತದೆ.

ಕಾಫಿಯನ್ನು ಮರೆಯಬೇಡಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 30 ಗ್ರಾಂ ದಾಟಿತು. ಬೆಲ್ಲಕ್ಕೆ ಬದಲಾಯಿಸಿದರೂ ಈ ಲೆಕ್ಕ ಇಳಿಯುವುದಿಲ್ಲ.

ಅರಸೀಕೆರೆ ಕಡೆಯವರು ನಾವು, ಮನೆಯದೇ ತೆಂಗು. ಕಾಯಿ ಬಿಡಬೇಕಾ?

ಬಿಡಬೇಡಿ, ಅಳೆದು ಹಾಕಿ. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 30 ಗ್ರಾಂ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬಿದೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರಿಸುವುದು ಈ ಬಗೆಯ ಕೊಬ್ಬೇ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಅದರ ಮಿತಿ ಸುಮಾರು 22 ಗ್ರಾಂ. ನಾಲ್ಕು ಜನರ ಸಾರು ಪಲ್ಯಕ್ಕೆ 150 ಗ್ರಾಂ ತುರಿ ಬಿದ್ದರೆ ತಲೆಗೆ 11 ಗ್ರಾಂ ಬಂತು, ಹಾಲು ತುಪ್ಪ ಸೇರುವ ಮೊದಲೇ ಅರ್ಧ ಮಿತಿ ಮುಗಿಯಿತು. 50 ಗ್ರಾಂಗೆ ಇಳಿಸಿ. ಮಂದ ಬರಲು ಬೆಂದ ಕಾಳನ್ನೇ ಒಂದು ಸೌಟು ರುಬ್ಬಿ ಹಾಕಿ. ಕೊಬ್ಬರಿ ಚಟ್ನಿಪುಡಿಯ ಬದಲು ಹುಚ್ಚೆಳ್ಳು ಅಥವಾ ಅಗಸೆ ಪುಡಿ ಮಾಡಿಕೊಳ್ಳಿ. ಅಗಸೆಯನ್ನು ಇಡಿಯಾಗಿ ತಿಂದರೆ ಜೀರ್ಣವಾಗದೆ ಹಾಗೇ ಹೊರಹೋಗುತ್ತದೆ, ಪುಡಿ ಮಾಡಿಟ್ಟರೆ ಬೇಗ ಕನರುತ್ತದೆ. ವಾರಕ್ಕಾಗುವಷ್ಟೇ ಕುಟ್ಟಿ ಮುಚ್ಚಿಡಿ.

ಮೂಡಿಗೆರೆಯಲ್ಲಿ ಯಾವ ಮೀನು ತಿನ್ನಬೇಕು, ಎಷ್ಟು?

ಬೂತಾಯಿ, ಬಂಗಡೆ. ಬೆಲೆ ಕಡಿಮೆ, ಒಮೆಗಾ-3 ಹೆಚ್ಚು. ವಾರಕ್ಕೆ ಎರಡು ಸಲ, ಪ್ರತಿ ಸಲ 100ರಿಂದ 150 ಗ್ರಾಂ. ಹುಳಿ ಹಾಕಿ ಸಾರು ಮಾಡಿ, ಇಲ್ಲವೇ ತವದ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಬೇಯಿಸಿ.

ಕರಾವಳಿಯಿಂದ ಘಾಟಿ ಹತ್ತಿ ಬರುವ ಮೀನಿನಲ್ಲಿ ನಾವು ಹೆಚ್ಚು ಯೋಚಿಸುವುದು ಐಸಿನ ಬಗ್ಗೆ. ಈ ಎರಡೂ ಮೀನು ಬಿಸಿಲಲ್ಲಿ ಉಳಿದರೆ ಬ್ಯಾಕ್ಟೀರಿಯಾ ಬೆಳೆದು ಹಿಸ್ಟಮಿನ್ ಉಂಟಾಗುತ್ತದೆ. ಅದು ಬೇಯಿಸಿದರೂ ಹೋಗದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ದದ್ದು ಎದ್ದು, ತಲೆ ಸಿಡಿಯುತ್ತದೆ. ಕಣ್ಣು ಉಬ್ಬಿ ತಿಳಿಯಾಗಿ, ಕಿವಿರು ಕೆಂಪಾಗಿ, ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು, ಮೀನು ಐಸಿನೊಳಗೇ ಇರಬೇಕು. ಒಣಮೀನು ಇದಕ್ಕೆ ಬದಲಿಯಲ್ಲ: ದಿನದ ಉಪ್ಪಿನ ಮಿತಿ 5 ಗ್ರಾಂ, ಒಣಮೀನಿನಲ್ಲಿ ಅದು ಬಹಳ ಬೇಗ ಮುಗಿಯುತ್ತದೆ.

ಮೂರು ತಿಂಗಳಿಂದ ಬಾದಾಮಿ ತಿನ್ನುತ್ತಿದ್ದೇನೆ, ತೂಕ ಏರಿದೆ. (ಸಕಲೇಶಪುರ)

ಬಾದಾಮಿ ಯಾವುದರ ಬದಲಿಗೆ ಬಂತು? ಸಂಜೆಯ ಬೋಂಡ, ಮಿಕ್ಸ್ಚರ್ ನಿಲ್ಲಿಸಿ ಆ ಹೊತ್ತಿಗೆ ಒಂದು ಹಿಡಿ, 30 ಗ್ರಾಂ ಮಾತ್ರ. ಅಷ್ಟರಲ್ಲೇ ಸುಮಾರು 170 ಕ್ಯಾಲೊರಿ ಇದೆ. ಬಾದಾಮಿಯೇ ಆಗಬೇಕಿಲ್ಲ, ಉಪ್ಪಿಲ್ಲದೆ ಹುರಿದ ಕಡಲೆಕಾಯಿ ಬೀಜವೂ ಆಗುತ್ತದೆ. ಬೂಷ್ಟು ಹಿಡಿದ, ಮುರುಟಿದ ಬೀಜ ಎಸೆಯಿರಿ, ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಇರಬಹುದು.

ಆ ಪದ್ಧತಿಯಲ್ಲಿ ವೈನ್ ಇದೆಯಂತಲ್ಲ?

ಇದೆ. ಆರೋಗ್ಯಕ್ಕೆಂದು ಶುರುಮಾಡಬೇಡಿ. ಕುಡಿಯದೆಯೂ ಉಳಿದ ಊಟದ ಲಾಭ ಸಿಗುತ್ತದೆ.

ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಇಷ್ಟೊಂದು ಸೊಪ್ಪು ತಿನ್ನಬಹುದಾ? (ಬೇಲೂರು)

ಮಾತ್ರೆ ಪಟ್ಟಿಯ ಮೇಲೆ ವಾರ್ಫರಿನ್ ಅಥವಾ ಅಸಿನೊಕೂಮರಾಲ್ ಎಂದಿದೆಯೇ ನೋಡಿ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಎರಡರ ಕೆಲಸವನ್ನು ತಡೆಯುತ್ತದೆ. ಹಾಗೆಂದು ಸೊಪ್ಪು ಬಿಡುವುದೂ ಅಪಾಯವೇ: ದಿಢೀರನೆ ಹೆಚ್ಚಿಸಿದರೆ ರಕ್ತ ಹೆಪ್ಪುಗಟ್ಟಬಹುದು, ದಿಢೀರನೆ ನಿಲ್ಲಿಸಿದರೆ ರಕ್ತಸ್ರಾವವಾಗಬಹುದು. ಪ್ರತಿದಿನ ಒಂದೇ ಅಳತೆ ಇರಲಿ. ಹೆಚ್ಚಿಸುವ ಮೊದಲು ಡಾಕ್ಟರಿಗೆ ತಿಳಿಸಿ, ಹೆಚ್ಚಿಸಿದ ಮೇಲೆ ಅವರು ಹೇಳಿದ ದಿನಕ್ಕೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ತಿಳಿಸುವ) ಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣ ಸರಿಪಡಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರೂ ಕಾಳು, ಸೊಪ್ಪು, ಹಣ್ಣು ಹೆಚ್ಚಿಸುವ ಮೊದಲು ರಕ್ತದ ಪೊಟ್ಯಾಸಿಯಂ ತೋರಿಸಿಕೊಳ್ಳಬೇಕು.