ಎಂಟಿವಿ ವಿಡಿಯೋ ಮ್ಯೂಸಿಕ್ ಅವಾರ್ಡ್ಸ್ ಹೇಗೆ ಶುರುವಾಯಿತು? ವಿಜೇತರನ್ನು ಆರಿಸುವವರು ಯಾರು?

ಸಂಗೀತ ವಾಹಿನಿ ಎಂಟಿವಿ ಅಮೆರಿಕದಲ್ಲಿ ಪ್ರಸಾರ ಆರಂಭಿಸಿದ್ದು 1981ರ ಆಗಸ್ಟ್ 1ರಂದು. ಹಾಡಿನಷ್ಟೇ ಅದರ ವಿಡಿಯೋಗೂ ಬೆಲೆ ಬರತೊಡಗಿದಾಗ, ವಾಹಿನಿ ತನ್ನದೇ ಪ್ರಶಸ್ತಿ ಹುಟ್ಟುಹಾಕಿತು. ಮೊದಲ ಸಮಾರಂಭ ನಡೆದದ್ದು 1984ರ ಸೆಪ್ಟೆಂಬರ್ 14ರಂದು, ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ.

ಆ ವರ್ಷ ಮೈಕೇಲ್ ಜಾಕ್ಸನ್‌ನ 'ಥ್ರಿಲ್ಲರ್' ಗೆಲ್ಲುತ್ತದೆಂದು ಇಂದು ಯಾರಾದರೂ ಊಹಿಸಬಹುದು. ಆದರೆ ವರ್ಷದ ಅತ್ಯುತ್ತಮ ವಿಡಿಯೋ ಗೌರವ ಹೋದದ್ದು ದಿ ಕಾರ್ಸ್ ತಂಡದ 'ಯೂ ಮೈಟ್ ಥಿಂಕ್'ಗೆ. ಜಾಕ್ಸನ್‌ಗೆ ನೃತ್ಯ ಸಂಯೋಜನೆ, ವೀಕ್ಷಕರ ಆಯ್ಕೆ ಸೇರಿ ಮೂರು ಪ್ರಶಸ್ತಿ ಬಂದವು. ಜಾಝ್ ಸಂಗೀತಗಾರ ಹರ್ಬಿ ಹ್ಯಾಂಕಾಕ್ ಐದು ಗೆದ್ದರು. ಜನರಿಗೆ ನೆನಪಿರುವುದು ಮಾತ್ರ ಮದುವೆಯುಡುಗೆ ತೊಟ್ಟು ಹಾಡಿದ ಮಡೋನಾ. ಈ ಪ್ರಶಸ್ತಿಯ ಹಣೆಬರಹವೇ ಅದು: ಗೆದ್ದವರಿಗಿಂತ ವೇದಿಕೆಯ ಗದ್ದಲವೇ ಉಳಿಯುತ್ತದೆ.

ವಿಜೇತರಿಗೆ ಕೊಡುವ, ಬಾವುಟ ಹಿಡಿದ ಗಗನಯಾತ್ರಿಯ ಪ್ರತಿಮೆ, ಚಂದ್ರನ ಮೇಲಿಳಿದ ದೃಶ್ಯಗಳನ್ನು ಬಳಸಿದ್ದ ವಾಹಿನಿಯ ಮೊದಲ ಗುರುತುಚಿತ್ರದಿಂದ ಬಂದದ್ದು. 'ಮೂನ್‌ಮ್ಯಾನ್' ಎಂಬ ಅದರ ಹೆಸರು 2017ರಲ್ಲಿ 'ಮೂನ್ ಪರ್ಸನ್' ಆಯಿತು. ಅದೇ ವರ್ಷ ಗಾಯಕ, ಗಾಯಕಿ ವಿಭಾಗಗಳು ಒಂದಾದವು.

ಆರಂಭದಲ್ಲಿ ಮುಖ್ಯ ವಿಭಾಗಗಳನ್ನು ನಿರ್ಧರಿಸುತ್ತಿದ್ದವರು ಉದ್ಯಮದವರು. 2006ರಿಂದ ಅವು ವೀಕ್ಷಕರ ಮತಕ್ಕೆ ತೆರೆದುಕೊಂಡವು. ಸಂಕಲನ, ಛಾಯಾಗ್ರಹಣದಂಥ ತಾಂತ್ರಿಕ ವಿಭಾಗಗಳು ಪರಿಣತರ ಕೈಯಲ್ಲೇ ಉಳಿದವು. ಹಾಗಾಗಿ ದೊಡ್ಡ ಪ್ರಶಸ್ತಿಯಲ್ಲಿ ಅಭಿಮಾನಿ ಬಳಗದ ಗಾತ್ರ ಲೆಕ್ಕಕ್ಕೆ ಬರುತ್ತದೆ. ವಿಡಿಯೋದ ಕಸುಬುಗಾರಿಕೆ ನೋಡಬೇಕಿದ್ದರೆ ತಾಂತ್ರಿಕ ಪಟ್ಟಿಯನ್ನೇ ನೋಡಿ.

ಇನ್ನೊಂದು: ಅರ್ಹತಾ ಅವಧಿ ಜನವರಿಯಿಂದ ಡಿಸೆಂಬರ್ ಅಲ್ಲ, ಒಂದು ವರ್ಷದ ನಡುವಿನಿಂದ ಮುಂದಿನ ವರ್ಷದ ನಡುವಿನವರೆಗೆ. 1983ರ ಡಿಸೆಂಬರಿನ 'ಥ್ರಿಲ್ಲರ್' 1984ರ ಕಣದಲ್ಲಿದ್ದದ್ದು ಹೀಗೆ.